ಎಲ್ಲರಿಗೂ ಒಪ್ಪಿಗೆಯಾದ ನೀಲಿ ಗಾಡಿ

ಬೇರೆಯವರ ಮನಸ್ಸಿನಲ್ಲಿರುವುದನ್ನು ಅವರು ಬಾಯಿ ಬಿಡುವ ಮೊದಲೇ ತಿಳಿದುಕೊಳ್ಳುವ ಜಾಣತನ ನನಗಿದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಮನೆಗೆ ಬಂದವರು ಚಹಾ ಬೇಡವೆಂದರೆ ಸಂಕೋಚಕ್ಕೆ ಹಾಗೆನ್ನುತ್ತಾರೆ ಎಂದುಕೊಂಡು ಮಾಡಿಸಿ ಕುಡಿಸುತ್ತಿದ್ದೆ. ಊಟಕ್ಕೆ ಕೂತವರು ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿನಲ್ಲಿ ಜಾಗ ಹುಡುಕಿ ಹೋಳಿಗೆ ಇಳಿಸುತ್ತಿದ್ದೆ. ಹೆಂಡತಿಯ ಕಡೆಯ ಹಿರಿಯರೊಬ್ಬರು ನಮ್ಮ ಮನೆಗೆ ಬರುವುದನ್ನೇ ಬಿಟ್ಟಾಗ, ನಮಗೆ ತೊಂದರೆ ಕೊಡಬಾರದೆಂಬ ದೊಡ್ಡ ಮನಸ್ಸು ಅವರದು ಎಂದು ಅದಕ್ಕೂ ಅರ್ಥ ಹಚ್ಚಿದ್ದೆ. ಈ ಜಾಣತನ ಊಟ ತಿಂಡಿಗಷ್ಟೇ ಸೀಮಿತವಾಗಿದ್ದರೆ ನಾಲ್ಕು ಜನರ ಹೊಟ್ಟೆ ಕೆಡುವುದರಲ್ಲಿ ಮುಗಿಯುತ್ತಿತ್ತು. ನಾನು ಅದನ್ನು ಗಾಡಿ ಕೊಳ್ಳುವುದಕ್ಕೂ ಉಪಯೋಗಿಸಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ದಿನಗಳು. ಶಾಮಿಯಾನ, ಧ್ವನಿವರ್ಧಕ, ಬಣ್ಣದ ದೀಪಗಳನ್ನು ಬಾಡಿಗೆಗೆ ಕೊಡುವ ನನ್ನ ಅಂಗಡಿ ಇದ್ದದ್ದು ಮಾನವಿಯಲ್ಲಿ; ಮನೆ ರಾಯಚೂರಿನಲ್ಲಿ. ಹೆಂಡತಿ ಶಾಂತಾ ರಾಯಚೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ಅವಳ ಕೆಲಸ ಖಾಯಂ, ನನ್ನದು ಮದುವೆ ಸೀಜನ್ನಿಗೆ ಸೀಮಿತ. ಹಾಗಾಗಿ ಊರು ಬಿಟ್ಟು ಓಡಾಡಬೇಕಾದವನು ನಾನೇ ಎಂಬುದರಲ್ಲಿ ಚರ್ಚೆ ಇರಲಿಲ್ಲ. ಅಂಗಡಿಯಲ್ಲಿ ನನ್ನ ಪಾಲುದಾರರು ಖಾಜಾ ಹುಸೇನ್. ನನಗಿಂತ ಹಿರಿಯರು, ಮೂಲ ದೇವದುರ್ಗದವರು. ಹೆಂಡತಿ, ಮಗಳೊಂದಿಗೆ ರಾಯಚೂರಿನಲ್ಲಿ ನಮ್ಮ ಪಕ್ಕದ ಓಣಿಯಲ್ಲೇ ಇದ್ದರು. ಮನೆಯಲ್ಲಿ ಅವರು ಆಡುತ್ತಿದ್ದುದು ದಖನಿ ಉರ್ದು, ನನ್ನೊಡನೆ ಕನ್ನಡ, ಜನರೇಟರ್ ಶುರುವಾಗದಿದ್ದಾಗ ಎರಡೂ. ದಿನಾ ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಮಾನವಿಗೆ ಹೋಗಿ ಸಂಜೆ ಬಸ್ಸಿನಲ್ಲೇ ಮರಳುತ್ತಿದ್ದೆವು.

ತೊಂದರೆ ಇದ್ದದ್ದು ಆ ಜನರೇಟರಿನದು. ಕರೆಂಟು ಯಾವಾಗ ಬೇಕಾದರೂ ಹೋಗುತ್ತಿದ್ದ ಕಾಲ ಅದು. ಜನರೇಟರ್ ಇಲ್ಲದ ಶಾಮಿಯಾನದವನನ್ನು ಯಾರೂ ಕರೆಯುತ್ತಿರಲಿಲ್ಲ. ನಮ್ಮದು ಎರಡು ಚಕ್ರದ ಮೇಲೆ ಕೂತಿದ್ದ ಭಾರೀ ಆಸಾಮಿ. ಅದನ್ನು ಹಳ್ಳಿಯಿಂದ ಹಳ್ಳಿಗೆ ಎಳೆಯಲು ಯಾರದಾದರೂ ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿಯಬೇಕು. ಬಿತ್ತನೆಯ ಕಾಲಕ್ಕೆ ಟ್ರ್ಯಾಕ್ಟರ್ ಹೊಲದಲ್ಲಿರುತ್ತಿತ್ತು, ಮದುವೆಯ ಕಾಲಕ್ಕೆ ಟ್ರ್ಯಾಕ್ಟರಿನವನೇ ಮದುವೆಯಲ್ಲಿರುತ್ತಿದ್ದ. ಕಲ್ಲೂರಿನ ಒಂದು ಮದುವೆಗೆ ನಮ್ಮ ಜನರೇಟರ್ ಎಳೆದು ತರಬೇಕಾದವನು, ಬೀಗರ ಪೈಕಿಯವನಾಗಿ ಮೊದಲನೇ ಪಂಕ್ತಿಯಲ್ಲೇ ಊಟಕ್ಕೆ ಕೂತಿದ್ದ. ನಮ್ಮನ್ನು ಕಂಡು, "ಜನರೇಟರ್ ಎಲ್ಲೈತ್ರಿ?" ಎಂದು ಅವನೇ ಕೇಳಿದ.

ಅಂದೇ ಸ್ವಂತ ಗಾಡಿ ತೆಗೆದುಕೊಳ್ಳುವುದೆಂದು ನಿಶ್ಚಯವಾಯಿತು. ಆದರೆ ಎಂಥ ಗಾಡಿ? ಬೆಳಿಗ್ಗೆ ಶಾಂತಾಳನ್ನು ಶಾಲೆಗೆ ಬಿಟ್ಟು ನಾವಿಬ್ಬರೂ ಮಾನವಿಗೆ ಹೋಗುವಂತಿರಬೇಕು. ಕಂಬ, ಬಟ್ಟೆ, ಕುರ್ಚಿ ಹೇರುವಂತಿರಬೇಕು. ಬೆನ್ನಿಗೆ ಜನರೇಟರ್ ಕಟ್ಟಿದರೆ ಎಳೆಯುವಂತಿರಬೇಕು. ಹೆಣ್ಣಿನ ಕಡೆಯವರೂ ವರನಲ್ಲಿ ಇಷ್ಟೆಲ್ಲ ಹುಡುಕುತ್ತಿರಲಿಲ್ಲ. ಗಾಡಿಗಳ ದಲಾಲಿ ನರಸಪ್ಪ ಮಾತ್ರ ಎದೆಗುಂದಲಿಲ್ಲ. ಒಂದು ಭಾನುವಾರ ನಮ್ಮ ಮೂವರನ್ನೂ ರಾಯಚೂರಿನ ದವಸದ ಮಾರುಕಟ್ಟೆ ಗಂಜ್‌ನ ಹಿಂದಿನ ಬಯಲಿಗೆ ಕರೆದೊಯ್ದು ಎರಡು ಗಾಡಿ ತೋರಿಸಿದ.

ಒಂದು, ಹಳೆಯ ಜೀಪಿನ ಹಿಂಭಾಗ ಕತ್ತರಿಸಿ ಸಾಮಾನು ಹೇರುವ ತೊಟ್ಟಿ ಕೂಡಿಸಿದ್ದು. ಡೀಸೆಲ್ ಇಂಜಿನ್ನು. ಬಣ್ಣ ಯಾವುದೆಂದು ಕೇಳಿದರೆ ನರಸಪ್ಪನೇ ತಡವರಿಸಿದ. ಒಂದು ಬಾಗಿಲಿಗೆ ಹಗ್ಗ. ಶುರು ಮಾಡಿದಾಗ ಬಯಲಿನ ನಾಯಿಗಳೆಲ್ಲ ಎದ್ದು ಬೇರೆ ಕಡೆ ಹೋದವು. ಇನ್ನೊಂದು, ಮುಂದಿನಿಂದ ಕಾರು, ಹಿಂದಿನಿಂದ ಲಾರಿ. ಯಾರೋ ಸಿರಿವಂತರು ತಮ್ಮ ಪೆಟ್ರೋಲ್ ಕಾರನ್ನು ಅರ್ಧಕ್ಕೆ ಕತ್ತರಿಸಿ ಮಾಡಿಸಿದ ಪಿಕಪ್ಪು. ತಿಳಿನೀಲಿ ಬಣ್ಣ, ಮೂವರು ಒತ್ತಿಕೊಂಡು ಕೂರಬಹುದಾದ ಮೆತ್ತನೆಯ ಸೀಟು, ನಗು ತರಿಸುವಂಥ ಹಾರ್ನು.

ಜೀಪೇ ನಮ್ಮ ಕೆಲಸದ ಗಾಡಿ ಎಂದು ನನಗೆ ಕಂಡ ಕೂಡಲೇ ಅನಿಸಿತ್ತು. ಆದರೆ ಸೀರೆ ಉಟ್ಟು ಶಾಂತಾ ದಿನಾ ಅಷ್ಟೆತ್ತರ ಹತ್ತುವುದು ಹೇಗೆ? ಖಾಜಾ ಭಾಯಿಯಂತೂ ನೀಲಿ ಗಾಡಿಯ ಹಾರ್ನು ಒತ್ತಿ ಒತ್ತಿ ನಗುತ್ತಿದ್ದರು. ಇಬ್ಬರ ಮನಸ್ಸೂ ನನಗೆ ಕನ್ನಡಿಯಂತೆ ಕಂಡಿತು. ನೀಲಿ ಗಾಡಿಯ ಬಾನೆಟ್ ಮೇಲೆ ಕೈಯಾಡಿಸುತ್ತ, "ಹ್ಯಾಂಗದ ಇದು?" ಎಂದೆ.

"ಚಲೋ ಅದರಿ, ನೋಡಾಕೂ ಲಕ್ಷಣ ಅದ," ಎಂದಳು ಶಾಂತಾ.

"ಅಕ್ಕಾರಿಗಿ ಮನಸ್ಸಿಗಿ ಬಂತಂದ್ರ ಮುಗೀತು. ಇದ ಇರ್ಲಿ," ಎಂದರು ಖಾಜಾ ಭಾಯಿ.

ಒಮ್ಮತವೆಂದರೆ ಇದು ಎಂದು ನಾನು ಹಿಗ್ಗಿದೆ. ನರಸಪ್ಪ ಅಷ್ಟು ಬೇಗ ಮುಗಿದ ವ್ಯಾಪಾರ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲವೆಂದು ತೋರುತ್ತದೆ. ಏನೋ ತಪ್ಪಿದೆ ಎಂಬಂತೆ ನಮ್ಮನ್ನೇ ನೋಡುತ್ತಿದ್ದ.

ಮೊದಲ ದಿನಗಳು ಚೆನ್ನಾಗಿದ್ದವು. ಬೆಳಿಗ್ಗೆ ಮೂವರೂ ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು, ಶಾಲೆಯ ಗೇಟಿನ ಮುಂದೆ ಹಾರ್ನು ಬಾರಿಸಿ ಶಾಂತಾಳನ್ನು ಇಳಿಸಿ, ನಾವಿಬ್ಬರೂ ಮಾತಾಡುತ್ತ ಮಾನವಿ ಸೇರುತ್ತಿದ್ದೆವು. ಶಾಮಿಯಾನದ ಬಟ್ಟೆ ಹೇರಿದರೆ ಗಾಡಿ ಸ್ವಲ್ಪ ಬಳುಕುತ್ತಿತ್ತು, ಕಂಬ ಹೇರಿದರೆ ನರಳುತ್ತಿತ್ತು. ಜನರೇಟರ್ ಕಟ್ಟಿದ ದಿನ ಮಲ್ಲಟದ ದಾರಿಯಲ್ಲಿ ಹಾಲಿನ ಕ್ಯಾನು ಹೊತ್ತ ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ, ಹಾಕಿದ್ದಕ್ಕೆ ತಾನೇ ನಾಚಿ ತಲೆತಗ್ಗಿಸಿಕೊಂಡು ಹೋದ. ನಾನು ಜೀಪನ್ನು ನೆನೆದುಕೊಂಡೆ. ಆದರೆ ಖಾಜಾ ಭಾಯಿಯ ಪ್ರೀತಿಯ ಗಾಡಿಯನ್ನು ಬೈದು ಅವರ ಮನಸ್ಸು ನೋಯಿಸುವುದೆಂತು? "ನಿಧಾನ ಹೋದ್ರ ಇಂಜಿನ್ ಬಾಳಕಿ ಬರ್ತದ ನೋಡ್ರಿ," ಎಂದೆ. "ಹೌದಲ್ಲ ಮತ್ತ. ನಮಗೇನು ರೈಲು ಹಿಡಿಯೋದದ?" ಎಂದರು ಅವರು. ಮನೆಗೆ ಬಂದರೆ ಶಾಂತಾಳೂ ಗಾಡಿಯನ್ನು ಹೊಗಳುತ್ತಿದ್ದಳು. ಸಂಬಂಧಿಕರ ಮಗುವನ್ನು ಹೊಗಳುವ ರೀತಿಯಲ್ಲಿ ಮೂವರೂ ಅದನ್ನು ಪೈಪೋಟಿಯ ಮೇಲೆ ಹೊಗಳುತ್ತಿದ್ದೆವು. ಏರು ಇರುವ ಊರುಗಳಿಂದ ಬಂದ ಮದುವೆಗಳಿಗೆ ಮಾತ್ರ, ಬೇರೆ ಕಡೆ ಒಪ್ಪಿಕೊಂಡಿದ್ದೇವೆ ಎಂದು ಸುಳ್ಳು ಹೇಳಿ ಕಳಿಸುತ್ತಿದ್ದೆ.

ಒಂದು ಮದುವೆಗೆ ಹಾಗೆ ಹೇಳುವಂತಿರಲಿಲ್ಲ. ಅದು ಖಾಜಾ ಭಾಯಿಯ ಮಗಳು ಶಾಹಿನಳದು. ಅವರ ಅಣ್ಣತಮ್ಮಂದಿರೆಲ್ಲ ದೇವದುರ್ಗದಲ್ಲೇ ಇದ್ದುದರಿಂದ ಮದುವೆಯನ್ನು ಅಲ್ಲೇ ಇಟ್ಟುಕೊಂಡಿದ್ದರು. ಶಾಹಿನ್ ಚಿಕ್ಕಂದಿನಿಂದ ನಮ್ಮ ಬಣ್ಣದ ಬಲ್ಬುಗಳ ನಡುವೆ ಆಡಿ ಬೆಳೆದವಳು. ಊರವರ ಮದುವೆಗಳಿಗೆಲ್ಲ ಅಪ್ಪ ದೀಪದ ಕಮಾನು ಕಟ್ಟುವುದನ್ನು ನೋಡಿ ನೋಡಿ ಒಮ್ಮೆ ನನ್ನನ್ನು ಹಿಡಿದು ನಿಲ್ಲಿಸಿದ್ದಳು. "ಚಾಚಾ, ನನ್ನ ಶಾದಿಗಿ ಕಮಾನು ಬ್ಯಾಡ. ನವಿಲು ಬೇಕು, ಗರಿ ಬಿಚ್ಚಿದ್ದು," ಎಂದಿದ್ದಳು. ಖಾಜಾ ಭಾಯಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲೆ ನವಿಲು ಬರೆದು, ಒಂದೊಂದು ಗರಿಗೂ ಹಸಿರು ನೀಲಿ ಬಲ್ಬು ಕೂಡಿಸಿ, ಮಗಳಿಗೆ ತೋರಿಸದೆ ಮುಚ್ಚಿಟ್ಟಿದ್ದರು. ಹುಡುಗಿಯ ತಂದೆಯಾದ ಅವರು ಮೊದಲೇ ಊರಿಗೆ ಹೋಗಬೇಕಲ್ಲ. ಶಾಮಿಯಾನವನ್ನು ತಮ್ಮ ಜೊತೆಗೇ ಸಾಗಿಸಿಕೊಂಡು ಹೋದರು. ಜನರೇಟರ್ ಮತ್ತು ನವಿಲನ್ನು ತರುವ ಜವಾಬ್ದಾರಿ ನನ್ನದಾಯಿತು.

ಮದುವೆಯ ದಿನ ಮಧ್ಯಾಹ್ನ ನಾನು, ಶಾಂತಾ ಮಾನವಿಯಿಂದ ಹೊರಟೆವು. ಸಿರವಾರದವರೆಗೆ ಗಾಡಿ ಮರ್ಯಾದೆಯಿಂದಲೇ ಬಂತು. ದೇವದುರ್ಗ ಹತ್ತಿರವಾಗುತ್ತಿದ್ದಂತೆ ಒಂದು ಹಳ್ಳ ದಾಟಿ ಏರು ಹತ್ತಬೇಕು. ಅರ್ಧ ಹತ್ತಿದ ಗಾಡಿ ಒಮ್ಮೆ ನಿಟ್ಟುಸಿರು ಬಿಟ್ಟು ನಿಂತಿತು. ಆಮೇಲೆ, ಜನರೇಟರೇ ನಮ್ಮನ್ನು ಎಳೆಯುತ್ತಿದೆಯೋ ಎಂಬಂತೆ ನಿಧಾನವಾಗಿ ಹಿಂದಕ್ಕೆ ಜಾರತೊಡಗಿತು. ಶಾಂತಾ ಕೆಳಗೆ ಹಾರಿ, ರೇಷ್ಮೆ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಚಕ್ರಕ್ಕೆ ಕಲ್ಲು ಕೊಟ್ಟಳು. ಮತ್ತೆ ಮತ್ತೆ ಪ್ರಯತ್ನಿಸಿದೆವು. ಪ್ರತಿಸಲವೂ ಗಾಡಿ ಹಳ್ಳದ ಕಡೆಗೇ ಒಲವು ತೋರಿತು.

ಬೆವರು ಒರೆಸಿಕೊಂಡು ಶಾಂತಾ, "ಆ ಜೀಪ್ ತಗೊಂಡಿದ್ರ ಇಷ್ಟೊತ್ತಿಗಿ ಮುಟ್ಟಿ ನವಿಲು ಕಟ್ಟತಿದ್ವಿ," ಎಂದಳು.

"ಯಾವ ಜೀಪು?"

"ನರಸಪ್ಪ ತೋರ್ಸಿದ್ದು. ನನಗ ಅದ ಚಲೋ ಅನಿಸಿತ್ತು."

"ಮತ್ತ ಅವತ್ತ ಹೇಳಬಾರದೇನು?"

"ನೀವು ಇದರ ಬಾನೆಟ್ ಸವರಕೋತ ನಿಂತಿದ್ರಿ. ಇಷ್ಟು ಜೀವ ಇಟ್ಟಾರ, ಯಾಕ್ ಬ್ಯಾಡ ಅನ್ಲಿ ಅಂತ ಸುಮ್ಮಾದೆ."

"ಧೂಳು ಒರಸಾಕತ್ತಿದ್ದೆ. ನೀ ಸೀರಿ ಉಟ್ಟು ಜೀಪ್ ಹ್ಯಾಂಗ ಹತ್ತತಿ ಅಂತ ಇದಕ್ಕ ಒಪ್ಪಿದ್ದು ನಾನು."

ಶಾಂತಾ ತನ್ನ ಕೈಯಲ್ಲಿದ್ದ ಕಲ್ಲನ್ನು ನೋಡಿಕೊಂಡಳು. "ಇಷ್ಟು ವರ್ಷ ಟಾಂಗಾ ಹತ್ತಿಲ್ಲೇನು ನಾನು? ಅದೇನು ನೆಲದ ಮ್ಯಾಲಿತ್ತಾ?" ಎಂದಳು. ಬಿಸಿಲು ಇಳಿಯತೊಡಗಿತ್ತು.

ಕೊನೆಗೆ ಜನರೇಟರ್ ಬಿಚ್ಚಿ ರಸ್ತೆಯ ಪಕ್ಕಕ್ಕೆ ಸರಿಸಿದೆವು. "ನೀವು ಹೋಗಿ ಟ್ರ್ಯಾಕ್ಟರ್ ತರ್ರಿ, ನಾ ಇಲ್ಲಿ ಕುಂತಿರ್ತೀನಿ," ಎಂದು ಶಾಂತಾ ಅದರ ನೆರಳಿನಲ್ಲಿ ಕೂತಳು. ಭಾರ ಕಳಚಿಕೊಂಡ ನೀಲಿ ಗಾಡಿ ಏರನ್ನು ಜಿಂಕೆಯ ಹಾಗೆ ಹತ್ತಿತು. ಅದನ್ನು ಕಂಡು ನನಗೆ ಅಳು ಬರುವುದೊಂದು ಬಾಕಿ.

ನಾನು ಮುಟ್ಟುವಷ್ಟರಲ್ಲಿ ನಿಕಾಹ್ ಮುಗಿದಿತ್ತು. ಕರೆಂಟು ಹೋಗಿ, ಎಲ್ಲಿಂದಲೋ ಎರವಲು ತಂದ ಪೆಟ್ರೋಮ್ಯಾಕ್ಸುಗಳನ್ನು ಹೊತ್ತಿಸುತ್ತಿದ್ದರು. ಜಿಲ್ಲೆಗೆಲ್ಲ ದೀಪ ಕಟ್ಟಿದ ಮನುಷ್ಯ ತನ್ನ ಮಗಳ ಮದುವೆಯಲ್ಲಿ ಪೆಟ್ರೋಮ್ಯಾಕ್ಸಿಗೆ ಗಾಳಿ ಹಾಕುತ್ತ ಕೂತಿದ್ದರು. ನನ್ನನ್ನು ಕಂಡು, ಯಾಕೆ ತಡ ಎಂದು ಕೇಳಲಿಲ್ಲ. "ಅಕ್ಕಾರು ಎಲ್ಲಿ?" ಎಂದಷ್ಟೇ ಕೇಳಿ ತಮ್ಮನನ್ನು ಟ್ರ್ಯಾಕ್ಟರ್ ಕೊಟ್ಟು ಓಡಿಸಿದರು. ವರನ ಕಡೆಯವರು ರಾಯಚೂರಿನವರು. ಗಬ್ಬೂರಿನ ದಾರಿ ಹಿಡಿದು ಬೇಗ ಊರು ಸೇರಬೇಕೆಂಬ ಅವಸರದಲ್ಲಿದ್ದರು. ಶಾಹಿನ್ ತಂದೆಯ ಎದೆಗೆ ತಲೆಯಿಟ್ಟು ಅತ್ತು, ಹೊರಡುವಾಗ ಬಾಗಿಲ ಮೇಲೆ ಒಮ್ಮೆ ಕಣ್ಣಾಡಿಸಿದಳು. ಅಲ್ಲಿ ನವಿಲಿಗೆಂದು ಹೊಡೆದ ಮೊಳೆಗಳಿದ್ದವು.

ಜನರೇಟರ್ ಬಂದದ್ದು ಅವಳ ಗಾಡಿ ಊರು ದಾಟಿದ ಮೇಲೆ. ಇನ್ನು ಬೇಡ ಬಿಡಿ ಎಂದು ನಾನೆಂದೆ. ಖಾಜಾ ಭಾಯಿ ಕೇಳದೆ ನವಿಲನ್ನು ತೂಗುಹಾಕಿ, ತಂತಿ ಕೂಡಿಸಿ, ತಾವೇ ಸ್ವಿಚ್ ಒತ್ತಿದರು. ಕೊರಳಿನಿಂದ ಗರಿಯ ತುದಿಯವರೆಗೆ ಒಂದೊಂದೇ ಸಾಲು ಹೊತ್ತಿಕೊಂಡಿತು. ಹಂಡೆಯಂಥ ದೇಗುಗಳನ್ನು ತೊಳೆಯುತ್ತಿದ್ದ ಅಡುಗೆಯವರು ಕೈ ನಿಲ್ಲಿಸಿ ನೋಡಿದರು. "ಚಂದ ಆಗ್ಯಾದ," ಎಂದರು ಖಾಜಾ ಭಾಯಿ, ಬೇರೆ ಯಾರೋ ಮಾಡಿದ್ದನ್ನು ಮೆಚ್ಚುವವರ ಹಾಗೆ.

ಗಾಡಿ ಆರಿಸಿದ್ದೇ ತಪ್ಪಾಯಿತು ಎಂದು ಅವರ ಪಕ್ಕದಲ್ಲಿ ನಿಂತು ಹೇಳಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, "ಖರೇ ಹೇಳಬೇಕಂದ್ರ ನನಗೂ ಜೀಪ್ ತಗೋಬೇಕಂತನ ಇತ್ತು. ನಿಮ್ಮಿಬ್ಬರಿಗಿ ಇದು ಮನಸ್ಸಿಗಿ ಬಂದದ ಅಂತ ಸುಮ್ಮಿದ್ದೆ. ಮೂರೂ ಮಂದಿ ತಪ್ಪು ಅದ, ನೀವೊಬ್ಬರ ಹೊತಗೋಬ್ಯಾಡ್ರಿ," ಎಂದರು. ಆ ಮಾತಿನಿಂದ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಮರುವಾರವೇ ನೀಲಿ ಗಾಡಿಯನ್ನು ರಾಯಚೂರಿನ ಹೂವಿನ ವ್ಯಾಪಾರಿಯೊಬ್ಬರಿಗೆ ಮಾರಿಬಿಟ್ಟೆ. ಹೂವಿನ ಭಾರಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಖಾಜಾ ಭಾಯಿಗೆ ಅದೊಂದು ಸಿಹಿಸುದ್ದಿ ಎಂಬಂತೆ ತಿಳಿಸಿದೆ. ಗಾಡಿ ನಿಲ್ಲುತ್ತಿದ್ದ ಜಾಗದ ಕಡೆ ನೋಡಿ, "ಚಲೋ ಆತು," ಎಂದರು. ಕೆಲವು ತಿಂಗಳಲ್ಲಿ, ತಮ್ಮಂದಿರು ಕರೆಯುತ್ತಿದ್ದಾರೆ ಎಂದು ಅವರು ದೇವದುರ್ಗಕ್ಕೇ ಮರಳಿ ಅಲ್ಲಿ ಸಣ್ಣ ದೀಪದಂಗಡಿ ಹಾಕಿಕೊಂಡರು. ಹೋಗಬೇಡಿ ಎನ್ನಬೇಕೆಂದು ಬಾಯಿಯವರೆಗೆ ಬಂದಿತ್ತು. ಸ್ವಂತ ಊರಿಗೆ ಹೋಗುವ ಆಸೆಗೆ ಅಡ್ಡ ಬರಬಾರದೆಂದು ನುಂಗಿಕೊಂಡೆ. ನಾನು ಒಳ್ಳೆಯ ಡೀಸೆಲ್ ಪಿಕಪ್ ಕೊಂಡೆ. ಅದು ಎಂಥ ಏರನ್ನೂ ಹತ್ತುತ್ತಿತ್ತು. ಶಾಂತಾಳಿಗೆ ಮನೆಯ ಹತ್ತಿರದ ಶಾಲೆಗೆ ವರ್ಗವಾಗಿ ಅವಳು ನಡೆದೇ ಹೋಗತೊಡಗಿದಳು. ಹೀಗೆ, ಗಾಡಿ ಸರಿಯಾದ ಕಾಲಕ್ಕೆ ಅದರಲ್ಲಿ ಕೂರುವವರು ಇಲ್ಲವಾದರು. ಮಾನವಿಯವರೆಗೂ ನನ್ನೊಡನೆ ನಾನೇ ಮಾತಾಡುತ್ತ ಹೋಗುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಖಾಜಾ ಭಾಯಿ ಯಾವುದೋ ಕೆಲಸಕ್ಕೆ ಮಾನವಿಗೆ ಬಂದಿದ್ದರು. ಬಸ್ಸಿಗೆ ಹೋಗುತ್ತೇನೆ ಎಂದವರನ್ನು ಬಿಡದೆ ನನ್ನ ಗಾಡಿಯಲ್ಲಿ ಕೂರಿಸಿಕೊಂಡು ದೇವದುರ್ಗಕ್ಕೆ ಹೊರಟೆ. ಅಂದು ಮಾನವಿಯಲ್ಲೇ ಒಂದು ಮದುವೆಗೆ ಶಾಮಿಯಾನ ಕಟ್ಟಬೇಕಿತ್ತು. ಅವರು ಸಂಕೋಚಪಟ್ಟಾರೆಂದು ಅದನ್ನು ಹೇಳಲಿಲ್ಲ. ದಾರಿಯುದ್ದಕ್ಕೂ ಅವರು ಕಿಟಕಿಗೆ ಮುಖ ಕೊಟ್ಟೇ ಕೂತಿದ್ದರು. ಏರಿನ ಬಳಿ ನೋಡಿದರೆ ಮುಖಕ್ಕೆ ಕರವಸ್ತ್ರ ಒತ್ತಿ ಹಿಡಿದಿದ್ದರು. ಹಳೆಯದೆಲ್ಲ ನೆನಪಾಗಿ ಕಣ್ಣು ತುಂಬಿರಬೇಕು ಎಂದುಕೊಂಡೆ. ಅವರ ಮನಸ್ಸು ಹಗುರಾಗಲೆಂದು ಉಳಿದ ದಾರಿಯನ್ನು ಆದಷ್ಟು ನಿಧಾನವಾಗಿ ಕ್ರಮಿಸಿದೆ.

ತವರಿಗೆ ಬಂದಿದ್ದ ಶಾಹಿನ್ ಬಾಗಿಲಲ್ಲೇ ತಂದೆಯ ಮುಖ ನೋಡಿ ಒಳಗೆ ಓಡಿ ನಿಂಬೆಹಣ್ಣು ತಂದಳು. "ಚಾಚಾ, ಓಡೋ ಗಾಡ್ಯಾಗ ಡೀಸೆಲ್ ವಾಸನಿ ಬಂದ್ರ ಅಬ್ಬಾಗ ಹೊಟ್ಟಿ ತೊಳಸ್ತದ. ಬಸ್ಸಿನ್ಯಾಗೂ ಕಿಡಕಿ ಹಿಡಕೊಂಡು ಹ್ಯಾಂಗೋ ಕೂಡ್ತಾರ. ನಿಮಗ ಗೊತ್ತಿದ್ದಿಲ್ಲೇನು?" ಎಂದಳು. ಅಷ್ಟು ವರ್ಷ ಅವರು ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಕೂರುತ್ತಿದ್ದುದು ಜೋಳದ ಹೊಲಗಳನ್ನು ನೋಡುವ ಆಸೆಗೆ ಎಂದೇ ನಾನು ತಿಳಿದಿದ್ದೆ. ಅವಳು ಮುಂದುವರಿಸಿದಳು: "ನಿಮ್ಮ ಆ ನೀಲಿ ಗಾಡಿ ಪೆಟ್ರೋಲಿಂದಿತ್ತು, ಅದಕ ಅದು ಅಂದ್ರ ಅಬ್ಬಾಗ ಜೀವ. ಮಾರಿದ್ರು ಅಂತ ತಿಳಿದಾಗ ಭಾಳ ಬ್ಯಾಸರ ಮಾಡಕೊಂಡಿದ್ರು."

ತಮಗೂ ಜೀಪೇ ಬೇಕಿತ್ತೆಂದು ಮದುವೆಯ ರಾತ್ರಿ ನನ್ನನ್ನು ಸಮಾಧಾನಪಡಿಸಿದ್ದ ಖಾಜಾ ಭಾಯಿಯ ಕಡೆ ತಿರುಗಿದೆ. ಅವರು ನಿಂಬೆಹಣ್ಣು ಮೂಸುತ್ತ, "ಹುಡುಗಿ ಸುಮ್ಮ ಮಾತಾಡ್ತದ. ಈ ಗಾಡಿನೂ ಚಲೋ ಅದ," ಎಂದರು.

"ಖರೇ ಹೇಳ್ರಿ ಭಾಯಿ. ಮುಂದಿನ ಸಲ ಬಂದ್ರ ಬಸ್ಸಿಗಿ ಹೋಗ್ತೀರೋ, ನಾ ಕರಕೊಂಡು ಬರ್ಲೋ?"

"ನಿಮಗ ಹ್ಯಾಂಗ ಅನುಕೂಲ ಹಂಗ."

ಮಾನವಿಯಲ್ಲಿ ಮದುವೆಯವರು ಕಂಬ ಇಲ್ಲದೆ ಕಾಯುತ್ತಿದ್ದರು. ಅವಸರ ಮಾಡಿದರೆ ಖಾಜಾ ಭಾಯಿ ಬೇಸರಿಸಿಕೊಂಡಾರೆಂದು ನಾನು ಬಿಡುವಿರುವವನ ಹಾಗೆ ಕಟ್ಟೆಯ ಮೇಲೆ ಕೂತೆ. ಅವರಿಗೆ ಒಳಗೆ ಹೋಗಿ ಮಲಗಬೇಕಿತ್ತೇನೋ, ಅವರೂ ಕೂತರು.