ಸಾಲಿನ ಮೊದಲ ಚಪ್ಪಲಿ

ಎಲ್ಲಕ್ಕೂ ಕಾರಣ ಶಶಿಯ ಎಡಗಾಲಿನ ಚಪ್ಪಲಿ. ಅವತ್ತು ಬೆಳಿಗ್ಗೆ ಎಂಟೂವರೆಗೆ ಕೋಟೆ ಪಟ್ಟಣದ ಕೃಷಿ ಮೇಳದ ಮೈದಾನದಲ್ಲಿ, ತಗಡಿನ ಶೆಡ್ಡೊಂದರ ಮುಚ್ಚಿದ ಕಿಟಕಿಯ ಕೆಳಗೆ ಅವನು ಅದನ್ನು ಬಿಟ್ಟ. ಇದು ಯಾವುದರ ಕಿಟಕಿ ಎಂದು ಯಾರನ್ನೂ ಕೇಳಲಿಲ್ಲ. ಮುಚ್ಚಿದ ಕಿಟಕಿ ಎಂದ ಮೇಲೆ ಅದು ಸರ್ಕಾರದ್ದೇ, ಸರ್ಕಾರದ್ದು ಎಂದ ಮೇಲೆ ಅಲ್ಲಿ ಏನಾದರೂ ಕೊಟ್ಟೇ ಕೊಡುತ್ತಾರೆ ಎಂಬುದು ಅವನ ತರ್ಕ.

ಅವನಿಗೆ ಬೇಕಾಗಿದ್ದುದು ಮೇವು ಕತ್ತರಿಸುವ ಮೆಷಿನ್ನಿನ ಟೋಕನ್. ಸಬ್ಸಿಡಿಯಲ್ಲಿ ನಲವತ್ತೇ ನಲವತ್ತು ಮೆಷಿನ್ನು, ಮೊದಲು ಬಂದವರಿಗೆ ಮೊದಲು, ಮಧ್ಯಾಹ್ನ ಒಂದು ಗಂಟೆಗೆ ಟೋಕನ್ ಎಂದು ಅಂತರಸಂತೆ ಕಡೆಯ ಅವನ ಊರಿನ ಡೈರಿಯ ಗೋಡೆಗೆ ಚೀಟಿ ಅಂಟಿಸಿದ್ದರು. ಮನೆಯಲ್ಲಿ ಎರಡು ಹಸು, ಒಂದು ಎಮ್ಮೆ. ಅವಕ್ಕೆ ದಿನಾ ಜೋಳದ ಕಡ್ಡಿ ಕೊಚ್ಚಿ ಕೊಚ್ಚಿ ಅವನ ಹೆಂಡತಿ ಪವಿತ್ರಾಳ ಬಲಗೈ ತಲೆ ಬಾಚಲೂ ಮೇಲೇಳದ ಹಾಗಾಗಿತ್ತು. ಡಾಕ್ಟರು ಮುಲಾಮು ಬರೆದುಕೊಟ್ಟು, ಇನ್ನು ಮಚ್ಚು ಮುಟ್ಟಬೇಡಿ ಅಂದಿದ್ದರು. ಒಂದು ವಾರ ಶಶಿಯೇ ಕೊಚ್ಚಿದ. ಒಂದೊಂದು ತುಂಡೂ ಮೊಳದುದ್ದ. ಹಸು ಮೂಸಿ ನೋಡಿ ಮುಖ ತಿರುಗಿಸಿತು, ಹಾಲು ಅರ್ಧಕ್ಕಿಳಿಯಿತು.

"ನೋಡ್ರೀ, ಮೆಷಿನ್ ಬಂದ್ರೆ ಸರಿ. ಬರ್ನಿಲ್ಲ ಅಂದ್ರೆ ಆ ಮಚ್ಚು ಜನ್ಮಪೂರ್ತಿ ನಿಮ್ ಕೈಗೇಯ," ಎಂದು ಪವಿತ್ರಾ ಬಸ್ಸು ಹತ್ತುವಾಗಲೇ ಹೇಳಿದ್ದಳು.

ಹೀಗಾಗಿ ಮೇಳ ನೋಡುವ ನೆಪದಲ್ಲಿ ಇಡೀ ಸಂಸಾರ ಹೊರಟಿತ್ತು. ಏಳು ವರ್ಷದ ಮಗಳು ಸ್ಪಂದನಾ, ನಾಲ್ಕು ವರ್ಷದ ಮಗ ತೇಜಸ್. ಪವಿತ್ರಾಳ ಸ್ತ್ರೀಶಕ್ತಿ ಸಂಘದವರು ಮೇಳದಲ್ಲಿ ಹುರಿಹಿಟ್ಟಿನ ಅಂಗಡಿ ಹಾಕಿದ್ದರಿಂದ ಮಧ್ಯಾಹ್ನದ ತನಕ ಅವಳು ಅಲ್ಲಿ ನಿಲ್ಲಬೇಕಿತ್ತು. ಪಹಣಿ, ಆಧಾರ್ ಎಲ್ಲ ಇದ್ದ ಪ್ಲಾಸ್ಟಿಕ್ ಕವರನ್ನು ಅವಳು ತನ್ನ ಚೀಲದಲ್ಲೇ ಇಟ್ಟುಕೊಂಡಳು.

"ನಿಮ್ ಕೈಗೆ ಕೊಟ್ರೆ ಮಕ್ಳು ದೋಣಿ ಮಾಡ್ತವೆ. ಒಂದು ಗಂಟೆಗೆ ನಾನೇ ತತ್ತೀನಿ. ನೀವು ಮಕ್ಳ ನೋಡ್ಕಂಡು ಸಾಲ್ನಲ್ಲಿರಿ, ಅಷ್ಟು ಸಾಕು."

ಅಷ್ಟು ಸಾಕು ಅಂದರೆ ಅಷ್ಟೂ ಆಗದವನು ಶಶಿ. ಆದರೂ ಅವತ್ತು ಅವನ ಅದೃಷ್ಟ ಚೆನ್ನಾಗಿದ್ದ ಹಾಗೆ ಕಂಡಿತು. ಗೊಬ್ಬರದ ಸೊಸೈಟಿಯಲ್ಲಿ ನಾವೆಲ್ಲ ಮಾಡುವುದನ್ನೇ ಅವನೂ ಮಾಡಿದ್ದ. ಮನುಷ್ಯ ನಿಲ್ಲುವುದಿಲ್ಲ, ಚಪ್ಪಲಿ ನಿಲ್ಲುತ್ತದೆ. ಚಪ್ಪಲಿಯ ಜಾಗ ಮನುಷ್ಯನ ಜಾಗ, ಅದನ್ನು ಸರಿಸಿದವನಿಗೆ ಏಟು. ಈ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಇದನ್ನು ಮುರಿದವರೂ ಇಲ್ಲ.

ಐದು ನಿಮಿಷಕ್ಕೆ ಪಕ್ಕದ ಮನೆಯ ಸಣ್ಣಬೀರಯ್ಯ ಬಂದ. ವಯಸ್ಸು ಅರವತ್ತು, ಹಿಂದೆ ನಾಲ್ಕು ಮೊಮ್ಮಕ್ಕಳು.

"ಏನ್ಲಾ ಶಶಿ, ಟೋಕನ್ ಕೊಡೋದು ಇಲ್ಲೇಯಾ?"

"ಇಲ್ಲೇ ಕಣಣ್ಣ. ನಂದೇ ಮೊದಲ್ನೇದು," ಎಂದ ಶಶಿ, ಕಿಟಕಿಯನ್ನು ತಾನೇ ಕಟ್ಟಿಸಿದವನ ಹಾಗೆ.

ಸಣ್ಣಬೀರಯ್ಯ ಹಿಂದೆ ತನ್ನ ಚಪ್ಪಲಿ ಇಟ್ಟ. ಅದರ ಹಿಂದೆ ಮೂರು ಮಕ್ಕಳ ದೇವಯ್ಯನದು, ಆಮೇಲೆ ಇಬ್ಬರು ಮೊಮ್ಮಕ್ಕಳ ಜೊತೆ ಬಂದ ಸುನಂದಮ್ಮನದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಒಂಬತ್ತೂವರೆಯ ಹೊತ್ತಿಗೆ ಆ ಕಿಟಕಿಯ ಮುಂದೆ ಐವತ್ತು ಚಪ್ಪಲಿಗಳು ಅಂಕುಡೊಂಕಾಗಿ ನಿಂತಿದ್ದವು. ಇದು ಯಾವುದರ ಕಿಟಕಿ ಎಂದು ಐವತ್ತು ಜನರಲ್ಲಿ ಒಬ್ಬರಾದರೂ ಕೇಳಬಾರದೇ?

ಶಶಿ ತನ್ನ ಮಕ್ಕಳನ್ನು ಕರೆದುಕೊಂಡು ಎದುರಿನ ಹೊಂಗೆ ಮರದ ನೆರಳಲ್ಲಿ ಕೂತ. ಮೊದಲು ಬಂದವನು ಸಣ್ಣಬೀರಯ್ಯ.

"ಲೇ ಶಶಿ, ನೀನೆಂಗೂ ಕುಂತಿದ್ದೀಯ. ಇವು ನಾಕೂ ಇಲ್ಲೇ ಇರ್ಲಿ. ಹೋರಿ ನೋಡ್ಕಂಡು ಐದೇ ನಿಮಿಷಕ್ಕೆ ಬಂದ್ಬುಡ್ತೀನಿ."

ಆಮೇಲೆ ಸುನಂದಮ್ಮ. "ಅಪ್ಪಣ್ಣೀ, ಇವೆಲ್ಡೂ ಎಲ್ಲೂ ಓಗಕ್ಕಿಲ್ಲ ಕಣಪ್ಪ. ಬಂಗಾರದಂಥವು." ಆ ಬಂಗಾರದಲ್ಲಿ ಒಂದು ಆಗಲೇ ತೇಜಸ್‌ನ ಕಿವಿ ಹಿಡಿದು ಎಳೆಯುತ್ತಿತ್ತು.

ದೇವಯ್ಯನಂತೂ ಕೇಳಲೂ ಇಲ್ಲ. ಮೂವರನ್ನೂ ಮರದ ಬುಡಕ್ಕೆ ತಳ್ಳಿ, "ಶಶಿ ಮಾಮ ಏಳ್ದಂಗೆ ಕೇಳಿ" ಎಂದು ಹೊರಟೇ ಹೋದ.

ನಮ್ಮ ಕಡೆ ನೆರಳಲ್ಲಿ ಸುಮ್ಮನೆ ಕೂತವನ ಕೈಗೆ ಮಕ್ಕಳನ್ನು ಕೊಡುವುದು ತಪ್ಪಲ್ಲ. ಬೇಡ ಅನ್ನುವುದು ತಪ್ಪು. ಹತ್ತು ಗಂಟೆಗೆ ಶಶಿಯ ಸುತ್ತ ಹನ್ನೊಂದು ಮಕ್ಕಳಿದ್ದವು.

ಮೊದಲು ಅವನು ಮೊಬೈಲು ಕೊಟ್ಟು ಕೂರಿಸಿದ. ಹನ್ನೊಂದು ತಲೆಗಳು ಒಂದು ಮೊಬೈಲಿನ ಮೇಲೆ ಬಿದ್ದವು. ಅರ್ಧ ಗಂಟೆ ಸ್ವರ್ಗ. ಆಮೇಲೆ ಚಾರ್ಜು ಮುಗಿದು ಮೊಬೈಲು ಕಣ್ಣು ಮುಚ್ಚಿತು. ಮಕ್ಕಳು ಕಣ್ಣು ಬಿಟ್ಟು ಸುತ್ತ ನೋಡಿದವು, ಮೇಳ ಕಂಡಿತು.

"ಅಪ್ಪ, ಟ್ಯಾಕ್ಟ್ರು!" ಎಂದು ತೇಜಸ್ ಎದ್ದ. ಉಳಿದ ಹತ್ತೂ ಎದ್ದವು.

ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಹೀಗೆ ಕುಂಟುತ್ತ ಶಶಿ ಹಿಂದೆ ಓಡಿದ. ದಾರಿಯಲ್ಲಿ ಬೀಜದ ಕಂಪನಿಯವರು ಮೇಳಕ್ಕೆ ಬಂದ ಮಕ್ಕಳಿಗೆಲ್ಲ ಹಸಿರು ಟೋಪಿ ಹಂಚುತ್ತಿದ್ದರು. ಹನ್ನೊಂದು ತಲೆಗೂ ಒಂದೊಂದು ಟೋಪಿ ಏರಿತು. ಚೆಂದ ಕಂಡಿತು ಎಂದು ಶಶಿಗೆ ಖುಷಿಯೂ ಆಯಿತು. ಹತ್ತು ಹೆಜ್ಜೆ ಹೋದ ಮೇಲೆ ಗೊತ್ತಾಯಿತು, ಮೈದಾನದಲ್ಲಿರುವ ಇನ್ನೂರು ಮುನ್ನೂರು ಮಕ್ಕಳ ತಲೆಯ ಮೇಲೂ ಅದೇ ಟೋಪಿ.

ಟ್ರ್ಯಾಕ್ಟರಿನ ಹತ್ತಿರ ಎಣಿಸಿದ. ಹತ್ತು. ಮತ್ತೆ ಎಣಿಸಿದ. ಹನ್ನೆರಡು. ಹತ್ತಾದರೆ ಒಂದು ಕಳೆದಿದೆ ಎಂದು ಅಳಬಹುದು. ಹನ್ನೆರಡಾದರೆ ಏನು ಮಾಡಬೇಕು?

"ಸ್ಪಂದನಾ, ನಮ್ಮವ್ರು ಎಷ್ಟು ಜನ ಕಣವ್ವ?"

"ನಮ್ಮವ್ರು ನಾನು, ತೇಜು ಇಬ್ರೇ ಕಣಪ್ಪ. ಮಿಕ್ಕವ್ರು ಯಾರೋ ನಂಗೊತ್ತಿಲ್ಲ," ಎಂದಳು ಮಗಳು.

ಟೋಪಿ ತೆಗೆಸಿ ಮುಖ ನೋಡುವುದೊಂದೇ ದಾರಿ. ಆದರೆ ಟೋಪಿಗೆ ಕೈ ಹಾಕಿದ ಕೂಡಲೇ ಒಂದು ಮಗು ಕಿಟಾರನೆ ಕಿರುಚಿತು. ಎಲ್ಲಿಂದಲೋ ಬಂದ ಹೆಂಗಸೊಬ್ಬಳು ಅದನ್ನು ಸೊಂಟಕ್ಕೆ ಏರಿಸಿಕೊಂಡು, "ಮಕ್ಳ ಟೋಪಿ ಕಿತ್ಕಳ್ತೀಯಲ್ಲ, ಮೀಸೆ ಬಂದದೆ, ನಾಚ್ಕೆ ಬರ್ನಿಲ್ವಾ?" ಎಂದು ಉಗಿದು ಹೋದಳು. ಅಲ್ಲಿಗೆ ಹನ್ನೊಂದಾಯಿತು. ಶಶಿಗೆ ಉಗಿಸಿಕೊಂಡದ್ದಕ್ಕಿಂತ ಲೆಕ್ಕ ಸರಿಹೋದದ್ದೇ ದೊಡ್ಡದೆನಿಸಿತು. ಆದರೆ ಮುಖ ನೋಡುತ್ತ ಬಂದಾಗ ಸಣ್ಣಬೀರಯ್ಯನ ಕಿರಿಯ ಮೊಮ್ಮಗ ಇರಲಿಲ್ಲ. ಅವನ ಬದಲು ಇನ್ಯಾರದೋ ಹುಡುಗಿ ದೇವಯ್ಯನ ಮಗನ ಕೈ ಹಿಡಿದು ನಿಂತಿದ್ದಳು.

ಆಮೇಲಿನ ಎರಡು ಗಂಟೆ ಶಶಿ ಎಲ್ಲೆಲ್ಲಿ ತಿರುಗಿದ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಡ್ರೋನು ಔಷಧಿ ಸಿಂಪಡಿಸುವ ಕಡೆ ಹೋದ, ಗುಂಪೆಲ್ಲ ಒದ್ದೆಯಾಯಿತು. ಕುರಿಗಳ ದೊಡ್ಡಿಗೆ ಹೋದ, ಸುನಂದಮ್ಮನ ಬಂಗಾರ ಕುರಿಮರಿಯನ್ನು ಎತ್ತಿಕೊಂಡು ಬಂದಿತ್ತು, ವಾಪಸು ಬಿಟ್ಟು ಬಂದ. ಆ ಇನ್ಯಾರದೋ ಹುಡುಗಿ ಕಬ್ಬಿನ ಹಾಲಿನ ಗಾಡಿಯ ಹತ್ತಿರ ತನ್ನಪ್ಪನನ್ನು ಕಂಡು ಓಡಿಹೋದಳು. ಕೊನೆಗೆ ಸಣ್ಣಬೀರಯ್ಯನ ಮೊಮ್ಮಗ ಮೊದಲು ನೋಡಿದ ಟ್ರ್ಯಾಕ್ಟರಿನ ಸೀಟಿನ ಮೇಲೆಯೇ ಸ್ಟಿಯರಿಂಗ್ ಅಪ್ಪಿಕೊಂಡು ನಿದ್ದೆ ಹೋಗಿದ್ದ. ಶಶಿಗೆ ಅವನನ್ನು ಹೊಡೆಯಬೇಕೋ ಮುದ್ದಿಸಬೇಕೋ ತಿಳಿಯದೆ ಕಣ್ಣಲ್ಲಿ ನೀರೇ ಬಂತು.

ಗಂಟೆ ಆಗಲೇ ಒಂದೂಕಾಲು ದಾಟಿತ್ತು. ಸಾಲು! ಮಲಗಿದ್ದವನನ್ನು ಹೆಗಲ ಮೇಲೆ ಹಾಕಿಕೊಂಡು, ಉಳಿದ ಹತ್ತನ್ನು ಒಬ್ಬರ ಅಂಗಿ ಒಬ್ಬರಿಗೆ ಹಿಡಿಸಿ ರೈಲು ಮಾಡಿಕೊಂಡು ಅವನು ಶೆಡ್ಡಿನತ್ತ ಓಡಿದ.

ಅಲ್ಲಿ ಸಾಲೇ ಇರಲಿಲ್ಲ. ಐವತ್ತು ಚಪ್ಪಲಿಗಳಲ್ಲಿ ಒಂದೇ ಒಂದು ಉಳಿದಿತ್ತು. ಅದು ಅವನದು.

ಬೇರೆ ಯಾರಾದರೂ ಆಗಿದ್ದರೆ ಎಲ್ಲೋ ಏನೋ ಆಗಿದೆ ಎಂದು ಗಾಬರಿಯಾಗುತ್ತಿದ್ದರು. ಶಶಿಗೆ ನಗು ಬಂತು. ಊಟದ ಗಂಟೆ ಹೊಡೆದಿರಬೇಕು, ಮುದ್ದೆ ಕಂಡು ಓಡಿವೆ ಹೊಟ್ಟೆಬಾಕ ಮುಂಡೇವು ಎಂದುಕೊಂಡ. ಚಪ್ಪಲಿ ಮೆಟ್ಟಿಕೊಂಡು ಕಿಟಕಿಯ ಮುಂದೆ ಎದೆಯುಬ್ಬಿಸಿ ನಿಂತ. ಕಿಟಕಿ ತೆರೆಯಿತು.

ಒಳಗೆ ಕಾಲೇಜು ಹುಡುಗಿ, ಎದೆಗೆ ರೂಪಶ್ರೀ ಎಂಬ ಬಿಲ್ಲೆ. ಪಾಪ, ಬೆಳಗಿನಿಂದ ಉದ್ಘಾಟನೆಯ ವೇದಿಕೆಯ ಹತ್ತಿರ ಹೂವಿನ ತಟ್ಟೆ ಹಿಡಿದು ನಿಂತು, ಈಗ ತಾನೇ ಬಂದು ಕೂತಿದ್ದಳು. ಹನ್ನೊಂದು ಮಕ್ಕಳನ್ನು ನೋಡಿ ಅವಳ ಬಾಯಿ ತೆರೆದೇ ಉಳಿಯಿತು.

"ಅಯ್ಯೋ, ಇಷ್ಟೊಂದಾ!"

"ಇಲ್ಲ ಮೇಡಂ, ನಂಗೆ ಒಂದೇ ಸಾಕು," ಎಂದ ಶಶಿ.

ಹುಡುಗಿಗೆ ಅರ್ಥವಾಗಲಿಲ್ಲ. ಪುಸ್ತಕ ತೆಗೆದು, "ಮಕ್ಕಳ ಹೆಸರು ಹೇಳಿ," ಅಂದಳು.

ಮೇವಿನ ಮೆಷಿನ್ನಿಗೆ ಮಕ್ಕಳ ಹೆಸರು ಯಾಕೆ ಎಂದು ಶಶಿ ಕೇಳಲಿಲ್ಲ. ರೇಷನ್ ಕಾರ್ಡಿನಿಂದ ಬೆಳೆ ವಿಮೆಯ ತನಕ ಎಷ್ಟು ಅರ್ಜಿ ತುಂಬಿದ್ದಾನೆ ಅವನು! ಕೇಳಿದ್ದಕ್ಕೆ ಉತ್ತರ ಹೇಳಬೇಕು, ಯಾಕೆ ಅಂದರೆ ಅರ್ಜಿ ವಾಪಸು.

"ಬರ್ಕಳಿ ಮೇಡಂ. ಸ್ಪಂದನಾ, ಏಳು ವರ್ಷ. ತೇಜಸ್, ನಾಕು ವರ್ಷ."

"ಬಟ್ಟೆ ಯಾವ ಬಣ್ಣ?"

ಇದು ಹೊಸ ರೂಲ್ಸು ಇರಬೇಕು. "ಮಗಳದ್ದು ಹಳದಿ ಫ್ರಾಕು, ಮಗಂದು ಕೆಂಪು ಚಡ್ಡಿ."

"ಗುರುತಿನ ಮಚ್ಚೆ, ಗಾಯ?"

"ಮಗನ ಮಂಡಿ ಮೇಲೆ ತರಚಿದ ಗಾಯ ಅದೆ. ಈಗ್ತಾನೆ ಆಯ್ತು."

"ಎಲ್ಲಿ ಸಿಕ್ಕಿದ್ರು?"

"ಸಿಕ್ಕಿದ್ರಾ? ಇಲ್ಲೇ ಕೋಟೆ ಆಸ್ಪತ್ರೇಲಿ ಮೇಡಂ. ಇಬ್ರೂ ನಾರ್ಮಲ್ಲು."

ಆಸ್ಪತ್ರೆ ಎಂದ ಕೂಡಲೇ ರೂಪಶ್ರೀಗೆ ಗಾಬರಿಯಾಯಿತು. "ತಾಯಿ ಎಲ್ಲಿ?"

"ಪವಿತ್ರಾ ಅಂತ. ಒಂದು ಗಂಟೆಗೆ ಕಾಗದ ತತ್ತೀನಿ ಅಂದಿದ್ಲು, ಇನ್ನೂ ಕಾಣ್ತಾ ಇಲ್ಲ."

"ತಾಯೀನೂ ಕಾಣ್ತಿಲ್ವಾ!" ಎಂದು ಹುಡುಗಿ ಮೈಕು ಎಳೆದುಕೊಂಡಳು. ಮರುಗಳಿಗೆ ಮೈದಾನದ ಅಷ್ಟೂ ಕಂಬಗಳಿಂದ ಅವಳ ದನಿ ಹೊರಟಿತು. "ಗಮನಿಸಿ, ಗಮನಿಸಿ. ಹಳದಿ ಫ್ರಾಕು ತೊಟ್ಟ ಸ್ಪಂದನಾ, ಕೆಂಪು ಚಡ್ಡಿ ತೊಟ್ಟ, ಮಂಡಿಗೆ ಗಾಯವಾಗಿರುವ ತೇಜಸ್, ಈ ಮಕ್ಕಳು ನಮ್ಮಲ್ಲಿದ್ದಾರೆ. ತಾಯಿ ಪವಿತ್ರಾ ಎಲ್ಲಿದ್ದರೂ ಕೂಡಲೇ ಬರಬೇಕು."

ಶಶಿಗೆ ರೋಮಾಂಚನವಾಯಿತು. ಸರ್ಕಾರದ ಕೆಲಸ ಅಂದರೆ ಹೀಗಿರಬೇಕು, ಒಂದು ಪಹಣಿಗೆ ಮೈಕಿನಲ್ಲಿ ಕರೆಸುತ್ತಾರೆ! ಹುಡುಗಿ ಉಳಿದ ಒಂಬತ್ತು ಮಕ್ಕಳ ಹೆಸರನ್ನೂ ಅವರವರ ಬಾಯಿಂದಲೇ ಕೇಳಿ ಕೂಗಿದಳು. ಅದು ಮಾತ್ರ ಶಶಿಗೆ ಹಿಡಿಸಲಿಲ್ಲ. ಅರ್ಜಿ ತನ್ನದು, ಬೇರೆಯವರ ಮಕ್ಕಳು ಯಾಕೆ?

ಪವಿತ್ರಾ ಬಂದಳು. ಬಂದಳು ಎಂದರೆ ಓಡಿಬಂದಳು, ಸೆರಗು ಒಂದು ಕಡೆ, ತುರುಬು ಒಂದು ಕಡೆ. ಕೈಯಲ್ಲಿ ಪ್ಲಾಸ್ಟಿಕ್ ಕವರು. ಮಕ್ಕಳಿಬ್ಬರನ್ನೂ ಬಾಚಿ ತಬ್ಬಿಕೊಂಡು, ತೇಜಸ್‌ನ ಮಂಡಿ ನೋಡಿ, ಮುಖ ನೋಡಿ, ಹೋ ಎಂದು ಅತ್ತಳು.

"ಬಂದ್ಯಾ? ಕೊಡು ಪಹಣೀನ, ಬೇಗ. ನಾವೇ ಮೊದಲು," ಎಂದ ಶಶಿ.

ಪವಿತ್ರಾ ಅಳು ನಿಲ್ಲಿಸಿ ತಲೆಯೆತ್ತಿದಳು. "ಏನಂದ್ರಿ?"

"ಟೋಕನ್ನು ಕಣಮ್ಮಿ."

"ಟೋಕನ್ ಕೊಡ್ತಿರೋದು ವೇದಿಕೆ ಹಿಂದ್ಗಡೆ," ಎಂದಳು ಅವಳು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ. "ಹನ್ನೆರಡೂವರೆಗೆ ಯಾರೋ ಏಳಿದ್ರಂತೆ. ಊರೋರೆಲ್ಲ ಚಪ್ಲಿ ಎತ್ಕಂಡು ಅಲ್ಲಿಗೋದ್ರು. ಸುನಂದಕ್ಕ ನಂಗೇಳಿದ್ಲು. ನಿಮ್ ಫೋನು ಸತ್ತೋಗಿತ್ತು. ನಾನೇ ಓಗಿ ನಿಂತ್ಕಂಡೆ. ಮೂವತ್ತೆಂಟು ಟೋಕನ್ ಆಗಿತ್ತು ಕಣ್ರೀ, ನನ್ ಮುಂದೆ ಒಬ್ಬರಿದ್ರು. ಒಬ್ಬರೇ! ಆಗ ಮೈಕಲ್ಲಿ ನನ್ ಮಕ್ಳ ಹೆಸ್ರು ಕೂಗಿದ್ರು."

ಶಶಿ ಕಿಟಕಿಯ ಕಡೆ ತಿರುಗಿದ. ರೂಪಶ್ರೀ ಆಗ ತಾನೇ ಕಿಟಕಿಯ ಮೇಲೆ ಬೋರ್ಡು ತಗುಲಿಸುತ್ತಿದ್ದಳು. ಕಾಣೆಯಾದ ಮಕ್ಕಳ ವಿಚಾರಣೆ ಎಂದು ಅದರಲ್ಲಿತ್ತು. ಅವನು ಎರಡು ಸಲ ಓದಿದ.

ಅಷ್ಟರಲ್ಲಿ ದೇವಯ್ಯ, ಸುನಂದಮ್ಮ ಟೋಕನ್ ಬೀಸಿಕೊಂಡೇ ಮಕ್ಕಳನ್ನು ಕರೆದೊಯ್ಯಲು ಬಂದರು. ಕೊನೆಗೆ ಸಣ್ಣಬೀರಯ್ಯ ಬಂದ. ಅವನ ಟೋಕನ್ನಿನ ನಂಬರು ನಲವತ್ತು.

"ನಾನು ಪವಿತ್ರವ್ವನ ಹಿಂದ್ಗಡೆನೇ ನಿಂತಿದ್ದೆ ಕಣ್ಲಾ. ನಂಗಿಲ್ಲ ಅಂತ ಆಸೆ ಬುಟ್ಟಿದ್ದೆ. ಪಾಪ, ಓಡೋದ್ಲು ನೋಡು, ನನ್ ಕರ್ಳು ಕಿತ್ತು ಬಂತು," ಎಂದು ಟೋಕನ್ನನ್ನು ಒಳಜೇಬಿಗೆ ಇಳಿಸಿದ.

"ನಂಗೊಂದು ಮಾತು ಏಳ್ಬಾರ್ದಿತ್ತಾ ಅಣ್ಣ?" ಎಂದ ಶಶಿ.

"ನಿಂಗೇಳಾಕೆ ಬಂದ್ರೆ ನನ್ ಜಾಗ ಓಗಕಿಲ್ವಾ? ಅಲ್ದೆ ಮಕ್ಳ ನೋಡ್ಕಳಾಕೆ ಒಬ್ರು ಬೇಡ್ವಾ?"

ಸಣ್ಣಬೀರಯ್ಯ ನಾಲ್ಕು ಮೊಮ್ಮಕ್ಕಳನ್ನು ಕರೆದುಕೊಂಡು ಬಸ್ಸಿನ ಕಡೆ ಹೊರಟ. ರೂಪಶ್ರೀ ಪುಸ್ತಕವನ್ನು ಪವಿತ್ರಾಳ ಮುಂದೆ ತಿರುಗಿಸಿ ಹಿಡಿದಳು.

"ಅಮ್ಮ, ಇಲ್ಲಿ ಸಹಿ ಹಾಕಿ ಮಕ್ಕಳನ್ನ ಕರ್ಕೊಂಡು ಹೋಗಿ. ಇವರನ್ನೂ ವಿಚಾರಿಸ್ಬೇಕಿತ್ತು. ಏನ್ ಕೇಳಿದ್ರೂ ಏನೋ ಹೇಳ್ತಾರೆ. ಇವರು ನಿಮ್ಮವರಾ?"

ಪವಿತ್ರಾ ನೋಯುವ ಬಲಗೈಯಲ್ಲೇ ಸಹಿ ಹಾಕಿದಳು. ಶಶಿಯನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು.

"ಯಾರೋ ಗೊತ್ತಿಲ್ಲ ಮೇಡಂ," ಎಂದು ಮಕ್ಕಳ ಕೈ ಹಿಡಿದು ಹೊರಟಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನೋಡದೆಯೇ ಸೇರಿಸಿದಳು, "ಯಾರೂ ಬರ್ನಿಲ್ಲ ಅಂದ್ರೆ ಸಂಜೆ ಬಸ್ಸಿಗೆ ಕಳ್ಸಿಕೊಡಿ. ಮೇವು ಕೊಚ್ಚೋದದೆ."

ರೂಪಶ್ರೀ ಪುಸ್ತಕದಲ್ಲಿ ಹೊಸ ಹಾಳೆ ತಿರುಗಿಸಿದಳು. "ಗಾಬರಿ ಆಗ್ಬೇಡಿ, ಕೂತ್ಕೊಳ್ಳಿ," ಎಂದಳು ಪ್ರೀತಿಯಿಂದ. "ನಿಮ್ಮ ಹೆಸರು ಹೇಳಿ."