ಸಿನಿಮಾ ನೋಡಿದ ಕನ್ಯೆ, ನೋಡದ ವರ

ಡೊಂಬಿವಲಿಯಲ್ಲಿ ಕೂತು ನಮ್ಮ ಧಾರವಾಡ ಕಡೆಯವರ ಸಂಬಂಧ ಕೂಡಿಸುವುದು ನನ್ನ ಕೆಲಸ. ಜಾತಕ ಹೇಗೋ ಹೊಂದುತ್ತದೆ, ನೋಡಿದ ಸಿನಿಮಾ ಹೊಂದುವುದಿಲ್ಲ. ಇಂಥ ಫಜೀತಿಗಳು ಆಗುತ್ತಲೇ ಇರುತ್ತವೆ. ಆದರೆ ಈ ಜೋಡಿಯಷ್ಟು ನನ್ನ ಬಿ.ಪಿ. ಏರಿಸಿದವರು ಯಾರೂ ಇಲ್ಲ.

ಗಾಳಿ

ಹುಡುಗಿ ಘೋಡಬಂದರ್ ರಸ್ತೆಯವಳು, ವಾರಕ್ಕೆರಡು ಪ್ರೇಮದ ಸಿನಿಮಾ ಬೇಕು. ಹುಡುಗ ತುರ್ಭೆಯ ಕಾರ್ಖಾನೆಯಲ್ಲಿ ಎಂಜಿನಿಯರ್, ಸಿನಿಮಾ ಹಾಕಿದರೆ ನಿದ್ದೆ. ಅವನು ನೋಡಲು ಬಂದ ದಿನ ಅವಳು ಎಲ್ಲರಿಗೂ ಮೌಶಿ, ಅಂದರೆ ಚಿಕ್ಕಮ್ಮನಂತಿರುವ ನನ್ನನ್ನು ಅಡುಗೆಮನೆಗೆ ಎಳೆದು, “ಮೌಶಿ, ಅವರನ್ನ ನೋಡಿದ್ರ ಸಿನಿಮಾದಾಗಿನಂಗ ಏನೂ ಆಗ್ಲಿಲ್ಲ. ಒಂದೀಟು ಗಾಳೀನೂ ಬೀಸ್ಲಿಲ್ಲ” ಎಂದಳು. ಅವಳ ತಾಯಿಯ ಮುಖ ಬಿಳಿಚಿತು. ಹಾಲ್‌ನಲ್ಲಿದ್ದ ಹುಡುಗನಿಗೆ ಕೊನೆಯ ಮಾತಷ್ಟೇ ಕೇಳಿಸಿತ್ತು. ಎದ್ದು ಹೋಗಿ ಫ್ಯಾನನ್ನು ಐದಕ್ಕೆ ತಿರುಗಿಸಿದ. ಜಾತಕ ಹಾರಿ ಉಪ್ಪಿಟ್ಟಿನ ಮೇಲೆ ಬಿತ್ತು.

“ಈಗ ಬರ್ತೈತೇನ್ರಿ?” ಎಂದ. ಅವಳು ನಕ್ಕುಬಿಟ್ಟಳು, ಸಂಬಂಧ ಕುದುರಿತು.

ಸರ್ಪ್ರೈಸ್

ನಿಶ್ಚಯವಾದ ಮೇಲೆ ಅವಳ ಹುಟ್ಟುಹಬ್ಬ ಬಂತು. ಹಿಂದಿನ ದಿನವೇ ಅವನು ಫೋನ್ ಮಾಡಿ, “ನಾಳೆ ಏಳಕ್ಕ ಸರ್ಪ್ರೈಸ್ ತರ್ತೀನಿ, ಮನ್ಯಾಗ ಇರ್ತೀಯಲ್ಲ?” ಎಂದನಂತೆ. ತಂದದ್ದು ಹೆಲ್ಮೆಟ್!

“ಬೈಕಿನ ಹಿಂದ ಕೂತ್ರ ನನ್ನ ಕೂದಲ ಹಾರಬೇಕು” ಎಂದು ಅವಳು ಅತ್ತಳು.

“ಮೊದಲ ತಲಿ ಉಳೀಲಿ” ಎಂದ ಇವನು.

ಮದುವೆಯೇ ಬೇಡ ಎಂದು ಅವಳು ನನ್ನ ಮನೆಗೆ ಬಂದು ಕೂತಳು.

ಕಲ್ಯಾಣ ಸ್ಟೇಷನ್

ಮರುದಿನವೇ ಬೆಳಗಾವಿಯ ಅಜ್ಜಿಯ ಮನೆಗೆ ಹೊರಟಳು. ಆ ಟಿಕೆಟ್ ಜಗಳಕ್ಕೆ ಮೊದಲೇ ಅವನೇ ತೆಗೆಸಿಕೊಟ್ಟದ್ದು. ಕಳಿಸಲು ಹೋದ ನಾನು ಗುಟ್ಟಾಗಿ ಅವನಿಗೆ ಫೋನ್ ಮಾಡಿದೆ.

ಗಾಡಿ ಬಂತು. ಬ್ಯಾಗ್ ಹಿಡಿದು ನಾನೂ ಹತ್ತಿದೆ. ಅವಳ ಕಣ್ಣು ಕಿಟಕಿಯಲ್ಲೇ. “ಪ್ರೀತಿ ಇದ್ರ ಬರ್ತಾನ ಮೌಶಿ” ಎಂದಳು. ಒಂದು ನಿಮಿಷ, ಎರಡು ನಿಮಿಷ…

ಸೇತುವೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತ ಇಳಿದು ಬಂದ! “ಇಳಿ! ಲಗೂನ ಇಳಿ!”

“ಬಂದ ಮೌಶಿ!” ಎಂದು ಅವಳು ಓಡಿ ಇಳಿದಳು. ಡಬ್ಬಿಯವರೆಲ್ಲ ಕಿಟಕಿಗೆ ಮುಗಿಬಿದ್ದರು.

“ಹೇಳು, ಯಾಕ ಇಳೀಬೇಕು?” ಎಂದು ಕೇಳಿದಳು, ಕಣ್ಣಲ್ಲಿ ನೀರು.

ಅವನು ಏದುಸಿರು ಬಿಡುತ್ತ ಹೇಳಿದ: “ಟಿಕೆಟ್ ನಾಳಿಂದೈತಿ!”

ಅವಳು ಬಿದ್ದು ಬಿದ್ದು ನಕ್ಕು ಅವನ ಕೈ ಹಿಡಿದಳು. ಡಬ್ಬಿಯಲ್ಲಿ ಚಪ್ಪಾಳೆ. ನಾನೂ ಕಣ್ಣೊರೆಸಿಕೊಳ್ಳುತ್ತ ಚಪ್ಪಾಳೆ ತಟ್ಟಿದೆ. ಪ್ಲಾಟ್‌ಫಾರ್ಮ್ ಹಿಂದೆ ಸರಿಯತೊಡಗಿದಾಗಲೇ ಗೊತ್ತಾದದ್ದು, ಮದುವೆ ಉಳಿಸಿದ ನಾನು ಅವಳ ಬ್ಯಾಗ್ ತಬ್ಬಿಕೊಂಡು ಮುಂದಿನ ನಿಲ್ದಾಣ ಕರ್ಜತ್‌ಗೆ ಹೊರಟಿದ್ದೆ.