ಮಾವಿನ ತೋರಣದಲ್ಲಿ ಮನೆ ಮಾಡಿದ ಸೂರಕ್ಕಿಯವರಿಗೆ ಹೊಸ ಸೊಸೆಯ ಅಹವಾಲು

ಗುಲ್ಬರ್ಗಾ
ಮಾರ್ಚ್ ೧೯೯೮

ಶ್ರೀಮತಿ ಸೂರಕ್ಕಿಯವರಿಗೆ,
ಮುಂಬಾಗಿಲ ತೋರಣ, ಉಮ್ಮೆ ಕುಲ್ಸುಂ ಅವರ ಔಟ್‌ಹೌಸ್,
ಕಾಕ್ಸ್ ಟೌನ್, ಬೆಂಗಳೂರು

ಮಾನ್ಯರೇ,

ನನಗೆ ಮದುವೆಯಾಗಿದೆ, ಅದೂ ತುಂಬ ಒಳ್ಳೆಯವರ ಜೊತೆ ಆಗಿದೆ ಎಂಬ ಸುದ್ದಿಯನ್ನು ತಡೆದುಕೊಳ್ಳಲಾರದೆ ಮೊದಲ ಸಾಲಿನಲ್ಲೇ ಹೇಳಿಬಿಟ್ಟು, ಆಮೇಲೆ ತಮಗೂ ತಮ್ಮ ಯಜಮಾನರಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ತಮ್ಮ ಕೊಕ್ಕು, ರೆಕ್ಕೆ, ಗೂಡು ಎಲ್ಲವೂ ಕ್ಷೇಮವೆಂದು ದಿನಾಲೂ ಫೋನಿನಲ್ಲಿ ತಿಳಿಯುತ್ತಿರುವುದರಿಂದ ಆ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸುವುದಿಲ್ಲ.

ನನ್ನ ಪರಿಚಯ ತಮಗಿರಲಾರದು. ನಾನು ಆಶಾರಾಣಿ, ತಾವು ಈಗ ವಾಸವಾಗಿರುವ ಮನೆಯ ಯಜಮಾನಿ, ಆದರೆ ಇನ್ನೂ ಆ ಮನೆಯೊಳಗೆ ಕಾಲಿಡದವಳು. ಬೆಂಗಳೂರಿನಲ್ಲಿ ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಬೌದ್ಧ ದರ್ಶನದಲ್ಲಿ ತೃಷ್ಣೆ, ಅಂದರೆ ಬೇಕು ಬೇಕು ಎನ್ನುವುದರಿಂದ ದುಃಖ ಹೇಗೆ ಹುಟ್ಟುತ್ತದೆ ಎಂಬುದು ನನ್ನ ವಿಷಯ. ಕಾನ್ವೆಂಟಿನಲ್ಲಿ ಓದಿದ ನಾನು ಕನ್ನಡದಲ್ಲಿ ಇಷ್ಟು ಉದ್ದದ ಪತ್ರ ಬರೆಯುತ್ತಿರುವುದು ಇದೇ ಮೊದಲು. ಇಂಗ್ಲಿಷಿನಲ್ಲಿ ಬರೆದರೆ ರಜೆ ಅರ್ಜಿಯಂತೆ ಕಾಣುತ್ತದೆ, ರಜೆ ಕೇಳುವ ಸ್ಥಿತಿಯಲ್ಲಿ ನಾನಿಲ್ಲ. ಅಂಚೆಗೆ ಹಾಕದೆ ಬಹಿರಂಗ ಪತ್ರವಾಗಿ ಬರೆಯಲು ಕಾರಣವೇನೆಂದರೆ, ಅಂಚೆಯವನು ಮುಂಬಾಗಿಲ ಹತ್ತಿರ ಸುಳಿಯಕೂಡದೆಂದು ನನ್ನ ಪತಿ ಕೇದಾರ್ ಅಪ್ಪಣೆ ಮಾಡಿದ್ದಾರೆ. ತಮಗೆ ಗಾಬರಿಯಾಗುತ್ತದಂತೆ.

ತಾವು ನಮ್ಮ ಬಾಗಿಲಿಗೆ ಬಂದದ್ದರಲ್ಲಿ ತಮ್ಮ ತಪ್ಪು ಏನೂ ಇಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಮದುವೆ ಇಲ್ಲೇ ಗುಲ್ಬರ್ಗಾದಲ್ಲಿ ಆಯಿತು. ರಜೆ ಮುಗಿದು ಕೇದಾರ್ ಶಿವಾಜಿನಗರದ ತಮ್ಮ ಆಫೀಸಿಗೆ ಹೊರಟಾಗ ನನ್ನ ಅತ್ತೆ ಶರಣವ್ವನವರು, ಒಳ್ಳೆಯ ದಿನ ನೋಡಿ ಸೊಸೆಯನ್ನು ಕರೆತರುತ್ತೇನೆ, ನೀನು ಬಾಗಿಲಿಗೆ ತೋರಣ ಕಟ್ಟಿರು ಎಂದರು. ಅವರ ಮನಸ್ಸಿನಲ್ಲಿದ್ದದ್ದು ನಾನು ಬರುವ ಹಿಂದಿನ ದಿನ. ತಾಯಿಯ ಮಾತನ್ನು ಎಂದೂ ಮೀರದ ಕೇದಾರ್ ರೈಲು ಇಳಿದ ದಿನವೇ ಕಟ್ಟಿದರು. ಎಲೆಗಳು ಒಣಗಿದವು. ಒಣಗಿದ ತೋರಣವನ್ನು ತಾವು ನೋಡಿದಿರಿ, ಮೆಚ್ಚಿದಿರಿ, ಜೇಡರ ಬಲೆ, ನಾರು, ಜೊತೆಗೆ ಕೇದಾರ್ ಊರಿಂದ ಒಯ್ದಿದ್ದ ನನ್ನ ಬಾಸಿಂಗದಿಂದ ಉದುರಿದ ಬಣ್ಣದ ಕಾಗದ ಸೇರಿಸಿ, ಹೊಸಿಲಿನ ನಟ್ಟನಡುವೆ, ಮನುಷ್ಯರ ಹಣೆ ಬರುವಷ್ಟು ಎತ್ತರದಲ್ಲಿ, ಸಣ್ಣ ಚೀಲದಂಥ ಮನೆಯನ್ನು ತೂಗುಬಿಟ್ಟಿರಿ. ಅದಕ್ಕೊಂದು ಪೋರ್ಟಿಕೋ ಕೂಡ ಇದೆಯಂತೆ. ನಮ್ಮ ಮನೆಗೆ ಇಲ್ಲ.

ಮೊದಲು ಕೆಲವು ದಿನ ಕೇದಾರ್ ತಮ್ಮ ಗೂಡಿನ ಕೆಳಗೆ ಟಿಫನ್ ಕ್ಯಾರಿಯರ್ ಹಿಡಿದು ತೆವಳಿಕೊಂಡೇ ಆಫೀಸಿಗೆ ಹೊರಟರು. ಮನೆಯ ಮಾಲಕಿ ಉಮ್ಮೆ ಕುಲ್ಸುಂ ಅವರು ನೋಡಿ, "ಏನ್ ಕೇದಾರ್ ಸಾಬ್, ಬಾಡಿಗೆ ಟೈಮ್‌ಗೆ ಕೊಡ್ತೀರಾ, ಮತ್ತ್ಯಾಕೆ ಕಳ್ಳನ ಥರ ಬಗ್ಗಿಕೊಂಡು ಹೋಗ್ತೀರಾ" ಎಂದು ಕೇಳಿದರಂತೆ. ಕಾರಣ ತಿಳಿದ ಮೇಲೆ ಅವರೇ ತಮ್ಮ ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಿಂದ ಹಿಂಬಾಗಿಲಿಗೆ ದಾರಿ ಬಿಟ್ಟುಕೊಟ್ಟರು. ತಾವು ಮೊಟ್ಟೆಯಿಟ್ಟಿರಿ. ಅಂದಿನಿಂದ ಮುಂಬಾಗಿಲು ತಮ್ಮದು.

ನನ್ನ ದೂರು ಇಲ್ಲಿಂದ ಶುರುವಾಗುತ್ತದೆ. ಕೇದಾರ್ ದಿನವೂ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಾರೆ, ನಾನು ಪಕ್ಕದ ಮನೆಗೆ ಓಡಿಹೋಗಿ ಫೋನು ಹಿಡಿಯುತ್ತೇನೆ. ಅವರು ಹೇಳುವುದು ಹೀಗೆ: "ಇವತ್ತು ಅವಳು ತಲೆ ಹೊರಗಿಟ್ಕೊಂಡು ನನ್ನೇ ನೋಡ್ತಾ ಇದ್ಲು ಆಶಾ." ಮಾನ್ಯರೇ, ಮದುವೆಯಾದ ಮೊದಲ ತಿಂಗಳಲ್ಲಿ ಗಂಡನ ಬಾಯಿಂದ 'ಅವಳು' ಎಂಬ ಮಾತು ಕೇಳಿಸಿಕೊಳ್ಳುವುದು ಹೇಗಿರುತ್ತದೆಂದು ತಾವು ಊಹಿಸಿಕೊಳ್ಳಬಹುದು. ಸಂತೋಷವಾಗಿಯೇ ಕೇಳಿಸಿಕೊಂಡೆ. ಊಟ ಮಾಡಿದಿರಾ ಎಂದೆ. ಅವಳ ಯಜಮಾನರು ಹುಳು ತಂದುಕೊಟ್ಟರು ಎಂದರು.

ತೃಷ್ಣೆಯ ಬಗ್ಗೆ ಇನ್ನೂರು ಪುಟ ಬರೆದವಳು ಫೋನಿನ ಪಕ್ಕ ಹೀಗೆ ಕೂರುವುದು ಶೋಭಿಸುವುದಿಲ್ಲ, ಗೊತ್ತು. ಎಲ್ಲವೂ ಅನಿತ್ಯ, ಯಾವ ವಸ್ತುವೂ ಒಂದು ಕ್ಷಣಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂಬ ಬೌದ್ಧರ ವಾದವನ್ನು ನನ್ನ ಎರಡನೇ ಅಧ್ಯಾಯದಲ್ಲಿ ಅಡಿಟಿಪ್ಪಣಿ ಸಮೇತ ಎತ್ತಿಹಿಡಿದಿದ್ದೇನೆ. ಆ ಲೆಕ್ಕದಲ್ಲಿ ನಿನ್ನೆಯ ಗೂಡು ಇವತ್ತು ಇರಕೂಡದು. ಆದರೆ ಅದೇ ಗೂಡು, ಅಲ್ಲೇ ಇದೆ ಎಂದು ಕೇದಾರ್ ದಿನವೂ ವರದಿ ಮಾಡುತ್ತಾರೆ. ಮಳೆಗಾಲದಲ್ಲಿ ಭಿಕ್ಷುಗಳು ತಿರುಗಾಟ ನಿಲ್ಲಿಸಿ ಒಂದೇ ಕಡೆ ಇದ್ದುಬಿಡುತ್ತಿದ್ದರು, ಹಸಿರು ಮೊಳಕೆಗಳೂ ಸಣ್ಣ ಜೀವಗಳೂ ಕಾಲಡಿಗೆ ಸಿಗಬಾರದೆಂದು. ಇದನ್ನು ಮೂರನೇ ಅಧ್ಯಾಯದಲ್ಲಿ ಬಹಳ ಮೆಚ್ಚಿ ಬರೆದಿದ್ದೇನೆ. ಮೆಚ್ಚುವಾಗ, ಹಾಗೆ ನಿಲ್ಲಬೇಕಾದವಳು ನಾನೇ ಆಗುತ್ತೇನೆಂದು ತಿಳಿದಿರಲಿಲ್ಲ. ಭಿಕ್ಷುಗಳಿಗೆ ಹೊಸದಾಗಿ ಮದುವೆಯಾಗಿರಲಿಲ್ಲ ಎಂಬುದನ್ನೂ ದಯವಿಟ್ಟು ಪರಿಗಣಿಸಬೇಕು.

ಆ ಅಧ್ಯಾಯವನ್ನೇ ನಮ್ಮ ಗೈಡ್ ಮೇಡಂ ಮದುವೆಗೆ ಮುಂಚೆ ವಾಪಸು ಕೊಟ್ಟಿದ್ದರು. "ಕರುಣೆ ಬಗ್ಗೆ ಇಷ್ಟೊಂದು ಬರ್ದಿದೀಯ ಕಣಮ್ಮ, ಇದರಲ್ಲಿ ಒಂದು ಜೀವಾನೂ ಓಡಾಡಲ್ವಲ್ಲ. ಉದಾಹರಣೆ ಎಲ್ಲಿ?" ಎಂದರು. ನಮ್ಮ ವಿಭಾಗದಲ್ಲಿ ಯಾರೂ ಯಾರಿಗೂ ಉದಾಹರಣೆ ಕೇಳುವುದಿಲ್ಲ, ಆದ್ದರಿಂದ ನನಗೆ ಸ್ವಲ್ಪ ಬೇಜಾರಾಗಿತ್ತು.

ಈ ನಡುವೆ ಅತ್ತೆ ದಿನ ನಿಶ್ಚಯಿಸಿದರು, ಬರುವ ಗುರುವಾರ. ಅದು ತಪ್ಪಿದರೆ ಯುಗಾದಿ ಕಳೆದು ಎಷ್ಟೋ ದಿನದವರೆಗೆ ಒಳ್ಳೆಯ ದಿನವಿಲ್ಲ, ಅಲ್ಲಿಯವರೆಗೆ ನಾನು ಗುಲ್ಬರ್ಗಾದಲ್ಲೇ. ಸೊಸೆ ಮುಂಬಾಗಿಲ ಹೊಸಿಲಲ್ಲಿ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರಬೇಕು. ಹಿಂಬಾಗಿಲಿನಿಂದ ಬರಲೇ ಎಂದು ಕೇಳಿದ್ದಕ್ಕೆ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಿಮ್ಮ ಬುದ್ಧ ಮನಿ ಬಿಟ್ಟು ಯಾವ ಬಾಗಲದಿಂದ ಹೋದ? ಹಿಂದಿನ ಬಾಗಲದಿಂದ. ಹೋಗಾವ್ರಿಗಿ ಅದು, ಬರಾವ್ರಿಗಿ ಮುಂದಿನದು" ಎಂದರು. ಇದಕ್ಕೆ ಯಾವ ಗ್ರಂಥದಲ್ಲೂ ಆಧಾರವಿಲ್ಲ. ಆದರೆ ಅಲ್ಲಗಳೆಯಲು ನನ್ನ ಬಳಿಯೂ ಆಧಾರವಿರಲಿಲ್ಲ.

ಅಂದು ಫೋನಿನಲ್ಲಿ ಕೇದಾರ್, "ನೀನೇ ಹೇಳು ಆಶಾ, ತೋರಣ ಬಿಚ್ಚಿ ಮರಕ್ಕೆ ಕಟ್ಟಲಾ? ಆದ್ರೆ ಅವಳು ಮತ್ತೆ ಬರ್ತಾಳೋ ಇಲ್ವೋ ಗೊತ್ತಿಲ್ಲ" ಎಂದರು. ಬೂತಿನ ಮೀಟರು ಓಡುತ್ತಿತ್ತು. ಒಂದು ಕಡೆ ನನ್ನ ಮೂರನೇ ಅಧ್ಯಾಯ, ಇನ್ನೊಂದು ಕಡೆ ಅವರ ಧ್ವನಿ. ಕೊನೆಗೆ, "ಬೇಡ ರೀ, ಇರ್ಲಿ ಬಿಡಿ" ಎಂದೆ. ಆ ಮೂರು ನಾಲ್ಕು ಮಾತು ಹೇಳುವುದು ಇನ್ನೂರು ಪುಟಕ್ಕಿಂತ ಕಷ್ಟವಾಯಿತೆಂದು ತಮ್ಮ ಗಮನಕ್ಕೆ ತರುತ್ತೇನೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಎಲ್ಲವೂ ಅನಿತ್ಯವಾದ್ದರಿಂದ ತಮ್ಮ ಸಂಸಾರದ ಅನಿತ್ಯತೆಯ ದಿನಾಂಕವನ್ನು ರೈಲ್ವೆ ರಿಸರ್ವೇಶನ್ನಿಗೆ ಅನುಕೂಲವಾಗುವಂತೆ ಮುಂಚಿತವಾಗಿ ತಿಳಿಸಬೇಕು. ಬಾಗಿಲನ್ನು 'ನನ್ನದು' ಎಂದು ಭಾವಿಸುವುದು ಅಜ್ಞಾನವೆಂದು ತಾವು ನನಗೆ ಕಲಿಸಿದಂತೆ ತಾವೂ ಕಲಿಯಬೇಕು. ಮತ್ತು ನನ್ನ ಪ್ರಬಂಧಕ್ಕೆ ಬಾಹ್ಯ ಪರೀಕ್ಷಕರಾಗಿ ಬರಲು ಒಪ್ಪಬೇಕು. ಪ್ರಯಾಣ ಭತ್ಯೆ ತಡವಾಗುತ್ತದೆ, ಅದಕ್ಕೆ ಮಾತ್ರ ನಾನು ಜವಾಬ್ದಾರಳಲ್ಲ.

ಇಷ್ಟು ಬರೆದಿಟ್ಟು ನಿನ್ನೆ ಫೋನಿಗೆ ಹೋದರೆ, ಮರಿಗಳಾಗಿವೆ ಎಂಬ ಸುದ್ದಿ. ಬಂದು ಅತ್ತೆಗೆ ಹೇಳಿದೆ. ಎಷ್ಟು ಎಂದರು. ಎರಡು ಎಂದೆ. ಅವರು ಹಿಟ್ಟಿನ ಕೈ ತೊಳೆದುಕೊಂಡು ಬಂದು ನನ್ನೆದುರಿಗೆ ಕೂತು, "ಹಂಗಾದ್ರ ಅದು ಬಾಣಂತಿ ಇರೋ ಮನಿ ಆಯ್ತು. ಬಾಣಂತಿ ತಲಿ ಮ್ಯಾಲ ಸೇರು ಒದ್ದು ಗದ್ದಲ ಮಾಡಬೇಕಂತೀ ಏನು? ಹಿಂದಿನ ಬಾಗಲಾ ತೊಳದು, ಹೊಸಿಲಿಗಿ ಅರಿಶಿಣ ಹಚ್ಚಿಡು ಅಂತ ಹೇಳು ಅವಗ" ಎಂದರು. ಹಾಗಾದರೆ ಬುದ್ಧ, ಎಂದೆ. "ಅಂವನ ಮನಿಯಾಗೂ ಬಾಣಂತಿ ಇದ್ಳು. ಅಂವ ಆ ವಿಚಾರ ಮಾಡಲಿಲ್ಲ, ನಾವು ಮಾಡೋಣು" ಎಂದು ಎದ್ದು ಹೋದರು.

ಈ ಮಾತನ್ನು ಯಾವ ಅಧ್ಯಾಯದಲ್ಲಿ ಸೇರಿಸುವುದೆಂದು ನನಗಿನ್ನೂ ತೋಚಿಲ್ಲ. ಮೇಡಂ ಕೇಳಿದ ಉದಾಹರಣೆ ಮಾತ್ರ ಸಿಕ್ಕಿತು. ದೂರನ್ನು ಹಿಂದಕ್ಕೆ ಪಡೆಯುತ್ತಿಲ್ಲ, ಅಡಿಟಿಪ್ಪಣಿಗೆ ಇಳಿಸುತ್ತಿದ್ದೇನೆ.

ಇಂತಿ, ಒಗೆಯುವ ಕಲ್ಲಿನ ಪಕ್ಕದಿಂದ ಮನೆ ತುಂಬಲಿರುವ,
ತಮ್ಮ ವಿಶ್ವಾಸಿ ಸಹನಿವಾಸಿ
ಆಶಾರಾಣಿ

ಮರೆತ ಮಾತು: ನಾನಿಲ್ಲದಾಗ ನನ್ನ ಯಜಮಾನರನ್ನು ತಲೆ ಹೊರಗಿಟ್ಟು ನೋಡಿಕೊಂಡದ್ದಕ್ಕೆ ಕೃತಜ್ಞಳು. ಇನ್ನು ಆ ಕೆಲಸದಿಂದ ತಮಗೆ ಬಿಡುಗಡೆ. ತಾವು ತಮ್ಮವರನ್ನೇ ನೋಡಿಕೊಂಡರೆ ಸಾಕು. ಕೇದಾರ್ ಅಂದು ತಮಗೆ ಕಾಣಸಿಗದಿದ್ದರೆ ಗಾಬರಿಯಾಗಬೇಡಿ, ಅವರು ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿರುತ್ತಾರೆ: ಗುರುವಾರ ಬೆಳಿಗ್ಗೆ, ಉದ್ಯಾನ್ ಎಕ್ಸ್‌ಪ್ರೆಸ್.